ಅಜ್ಜಿಯ ಅಳುವಿಗೆ ಪ್ರಸ್ತಾರ ಹಾಕಿದ್ದು

ನಾನು ಹುಡುಗನಾಗಿದ್ದಾಗ ಬಯಲುಸೀಮೆಯ ಕೊಪ್ಪದ ಸುತ್ತಿನ ಹಳ್ಳಿಗಳಲ್ಲಿ ಹೆಂಗಸರು ಸುಮ್ಮನೆ ಅಳುತ್ತಿರಲಿಲ್ಲ, ಹೇಳಿಕೊಂಡು ಅಳುತ್ತಿದ್ದರು. ಸತ್ತವರ ನಡೆ, ನುಡಿ, ಉಂಡದ್ದು, ಮುನಿದದ್ದು, ಎಲ್ಲವನ್ನೂ ರಾಗವಾಗಿ ಎಳೆದು ಹೇಳುವುದು. ಯಾರ ಮನೆಯಲ್ಲಿ ಸಾವಾದರೂ ಊರ ಹೆಂಗಸರು ಹೋಗಿ ಕೂತು, ಹೆಣದ ಹೆಸರಿನಲ್ಲಿ ಶುರುಮಾಡಿ, ಸ್ವಲ್ಪ ಹೊತ್ತಿಗೆಲ್ಲ ತಮ್ಮ ತಮ್ಮ ಮನೆಯ ಸತ್ತವರ ಕಡೆಗೆ ಹೊರಳುತ್ತಿದ್ದರು. ನನ್ನಜ್ಜಿ ಹೊರಳುತ್ತಿದ್ದದ್ದು ನನ್ನ ಅವ್ವನ ಕಡೆಗೆ.

ಅವ್ವ ಸತ್ತಾಗ ನನಗೆ ಮೂರು ವರ್ಷವಂತೆ. ಅವಳ ಮುಖ ನನಗೆ ನೆನಪಿಲ್ಲ. ಅಜ್ಜಿ ಎದುರಿಗೆ ಕೂತು ಅವಳ ಮಾತು ಎತ್ತುತ್ತಿರಲಿಲ್ಲ. ಹಾಗಾಗಿ ಅವ್ವ ನನಗೆ ಸಿಗುತ್ತಿದ್ದದ್ದು ಬೇರೆಯವರ ಸಾವಿನ ಮನೆಯಲ್ಲಿ ಮಾತ್ರ. ಯಾರಾದರೂ ಹೋದರು ಎಂಬ ಸುದ್ದಿ ಬಂದರೆ ನಾನು ಬುಗುರಿ ಬಿಸಾಕಿ ಅಜ್ಜಿಯ ಸೆರಗು ಹಿಡಿದು ಓಡುತ್ತಿದ್ದೆ. ಊದುಬತ್ತಿ, ಸಗಣಿನೀರು, ಬೆವರು ಕಲೆತ ಆ ವಾಸನೆಯಲ್ಲಿ ಕೂತು ಕಾಯುತ್ತಿದ್ದೆ. ಪ್ರತಿ ಸಲವೂ ಅಜ್ಜಿಯ ಬಾಯಲ್ಲಿ ಅವ್ವನದೊಂದು ಹೊಸ ಸಂಗತಿ ಬರುತ್ತಿತ್ತು.

ನಾಲೆ ಬಂದ ಹೊಸತು. ರಾಗಿಹೊಲಗಳು ಕಬ್ಬಿನ ಗದ್ದೆಗಳಾಗುತ್ತಿದ್ದವು. ಸಂಜೆಯಾದರೆ ಆಲೆಮನೆಯ ಬಿಸಿ ಪಾಕದ ವಾಸನೆ ಸ್ಕೂಲಿನ ತನಕ ಬರುತ್ತಿತ್ತು. ಆ ವರ್ಷ ಮೈಸೂರಿನ ಕಡೆಯಿಂದ ಒಬ್ಬ ಮೇಷ್ಟ್ರು ಬಂದರು. ಅವರಿಗೆ ಛಂದಸ್ಸಿನ ಹುಚ್ಚು. ಬೋರ್ಡಿನ ಮೇಲೆ ಪದ್ಯ ಬರೆದು, ಅಕ್ಷರದ ನೆತ್ತಿಗೆ ಲಘು ಗುರುಗಳ ಗುರುತಿಟ್ಟು ಪ್ರಸ್ತಾರ ಹಾಕಿ, ಗಣಗಣವಾಗಿ ಕತ್ತರಿಸುವರು. ಇನ್‌ಸ್ಪೆಕ್ಟರು ಬರುವ ದಿನ ನಮ್ಮೂರಿನದೇ ಒಂದು ಶೋಕದ ತ್ರಿಪದಿಗೆ ಹುಡುಗರಿಂದ ಪ್ರಸ್ತಾರ ಹಾಕಿಸಬೇಕೆಂದು ಅವರ ಆಸೆ.

"ಯಾರಿಗೆ ಗೊತ್ತಯ್ಯ ಅಂಥ ಪದ?"

ಪಕ್ಕದಲ್ಲಿದ್ದ ನಿಂಗ ನನ್ನ ಪಕ್ಕೆಗೆ ತಿವಿದ. "ಇವ್ನಿಗ್ ಗೊತ್ತು ಸಾ. ಸಾವಿನ್ಮನೆ ಒಂದೂ ಬುಡಾಕಿಲ್ಲ ಇವ್ನು."

ನಾನು ನೆನಪಿದ್ದದ್ದನ್ನು ಹೇಳಿದೆ. "ಸೊಪ್ಪಿಗೆ ಉಪ್ಪಾಕದ ಮರ್ತು ಬೈಸ್ಕಂಡ್ಯಲ್ಲೇ ನನ್ ಮಗ್ಳೇ, ಬೈದೋಳ್ ನಾನಿವ್ನಿ, ಬೈಸ್ಕಂಡೋಳ್ ಎಲ್ಲೋದ್ಯೇ." ಹೀಗೆ ನಾಲ್ಕು ಸಾಲು. ಮೇಷ್ಟ್ರು ಬೋರ್ಡಿನ ಮೂಲೆಯಲ್ಲಿ ಬರೆದುಕೊಂಡು ನೋಡಿದರು.

"ಒಂದು ಉದ್ದ, ಒಂದು ಗಿಡ್ಡ. ಪ್ರಾಸವಿಲ್ಲ. ಉಪ್ಪು ಮರೆತದ್ದನ್ನ ಯಾರಾದರೂ ಶೋಕದಲ್ಲಿ ಹಾಡ್ತಾರೇನಯ್ಯ?"

"ಆಡ್ತಾರೆ ಸಾ."

"ಇಲ್ಲ. ತಪ್ಪು ನಿಮ್ಮಜ್ಜಿಯದಲ್ಲ, ನಿನ್ನ ಜ್ಞಾಪಕದ್ದು. ಸರಿಯಾದದ್ದು ಬೇರೆ ಇರುತ್ತೆ. ತಕೊಂಡು ಬಾ."

ಕೆಟ್ಟವರಲ್ಲ ಅವರು. ಜನ ಹಾಡಿದ್ದೆಲ್ಲ ತ್ರಿಪದಿ ಎಂದು ನಂಬಿದ್ದರು, ಅಷ್ಟೆ. ಅಂದಿನಿಂದ ದಿನವೂ ಗಂಟೆ ಹೊಡೆದ ಮೇಲೆ ನನ್ನೊಬ್ಬನನ್ನು ಸ್ಲೇಟಿನೊಂದಿಗೆ ಒಳಗೆ ಕೂರಿಸುತ್ತಿದ್ದರು. ಕಿಟಕಿಯ ಸರಳುಗಳಾಚೆ ನಿಂಗ, ಉಳಿದವರು ಚಿನ್ನಿದಾಂಡು ಆಡುತ್ತಿದ್ದರು. ಸರಳು ಇತ್ತೇ? ಆ ಕಟ್ಟಡವನ್ನು ಆಮೇಲೊಮ್ಮೆ ನೋಡಿದೆ; ಕಿಟಕಿಗೆ ಬರೀ ಮರದ ಬಾಗಿಲಿತ್ತು. ಆದರೂ ನೆನಪಿನಲ್ಲಿ ಸರಳು ಹೋಗುವುದಿಲ್ಲ.

ರಾತ್ರಿ ಉಣ್ಣುವಾಗ ಅಜ್ಜಿಯನ್ನು ಕೇಳಿದೆ. "ಅಜ್ಜಿ, ಅವ್ವನ್ ಪದ ಒಂದ್ಸಲ ಹೇಳು."

"ಯಾರ್ ಸತ್ರುಲಾ?"

"ಯಾರೂ ಇಲ್ಲ. ಸುಮ್ಗೆ."

ಅಜ್ಜಿಯ ಕೈ ಮುದ್ದೆಯ ಮೇಲೇ ನಿಂತಿತು. "ಸುಮ್ಗೆ ಅಳಾಕಾದದೇನ್ಲಾ? ಸಾವಿಲ್ದೆ ಅತ್ರೆ ಸಾವು ನಮ್ ಬಾಗ್ಲಿಗೇ ಬತ್ತದೆ. ನೀನೊಬ್ಬ ಉಳ್ದಿದೀಯ. ಉಣ್ಣು ಬಾಯ್ಮುಚ್ಕಂಡು."

ಮೇಷ್ಟ್ರಿಗೆ ಇಲ್ಲವೆನ್ನುವಂತಿಲ್ಲ, ಅಜ್ಜಿಗೆ ಹೇಳೆನ್ನುವಂತಿಲ್ಲ. ಉಳಿದದ್ದು ಒಂದೇ ದಾರಿ: ಊರಲ್ಲಿ ಯಾರಾದರೂ ಸಾಯಬೇಕು. ಮೂಲೆಮನೆಯ ತಾತ ದಮ್ಮಿನಿಂದ ಜಗುಲಿ ಹಿಡಿದಿದ್ದ. ದಿನಾ ಬೆಳಿಗ್ಗೆ ಹೋಗಿ ಅವನನ್ನು ನೋಡಿ ಬರುತ್ತಿದ್ದೆ.

"ಏನ್ಲಾ," ಅಂದ ತಾತ ಒಂದು ದಿನ, "ಎಮ್ಮೆ ಯಾಪಾರಕ್ ಬಂದೋನಂಗೆ ದಿನಾ ನೋಡ್ಕಂಡೋಯ್ತೀಯೆ? ತಕೋ, ತಿನ್ನು." ದಿಂಬಿನಡಿಯಿಂದ ಒಂದು ಚೂರು ಬೆಲ್ಲ ತೆಗೆದುಕೊಟ್ಟ. ತಿಂದೆ. ತಾತ ದಿನೇ ದಿನೇ ಗೆಲುವಾದ. ಆ ಸುಗ್ಗಿಯಲ್ಲಿ ನಮ್ಮೂರಲ್ಲಿ ಒಬ್ಬರೂ ಸಾಯಲಿಲ್ಲ.

ಇನ್‌ಸ್ಪೆಕ್ಟರು ಬರಲು ಎರಡು ದಿನವಿದ್ದಾಗ, ಆ ಕೋಣೆಯಲ್ಲಿ ಕೂತು ನಾನೇ ಕಟ್ಟಿದೆ. ಎರಡನೆಯ ಅಕ್ಷರಕ್ಕೆ ಪ್ರಾಸ ಬರಬೇಕಿತ್ತು. ಬಿಸಿಲಿಗೆ ಹೆಸರು, ಹೆಸರಿಗೆ ಹಸುರು ಎಂದು ಹುಡುಕುತ್ತಾ ಹೋದೆ.

ಹಸುರು ಬಳೆಯಿಟ್ಟವಳು ಹೊಸಲಲ್ಲಿ ನಿಂತವಳು
ಬಿಸಿಲೇರೊ ಮೊದಲೆ ನಡೆದಾಳೊ, ನನ್ನವ್ವ
ಹೆಸರೀಗೆ ಮಾತ್ರ ಉಳಿದಾಳೊ

"ನೋಡಿದೆಯಾ, ಇತ್ತಲ್ಲ," ಎಂದರು ಮೇಷ್ಟ್ರು. ಅವರ ಕಣ್ಣು ಒದ್ದೆಯಾಗಿತ್ತು. ಬೋರ್ಡಿನ ಮೂಲೆಯಲ್ಲಿದ್ದ ಅಜ್ಜಿಯ ನಾಲ್ಕು ಸಾಲನ್ನು ಒರೆಸಿ ಇದನ್ನು ಬರೆದರು. ಇನ್‌ಸ್ಪೆಕ್ಟರ ಮುಂದೆ ನಾನು ರಾಗವಾಗಿ ಹೇಳಿದೆ, ಪ್ರಸ್ತಾರ ಹಾಕಿದೆ. ಒಂದು ಗಣವೂ ತಪ್ಪಲಿಲ್ಲ. ಅವರು ಬೆನ್ನು ತಟ್ಟಿದರು.

ಆಮೇಲೆ ಮೈಸೂರಿಗೆ ಹೋಗಿ ಓದಿದೆ. ಯಾವ ಹೇಳಿಕೆಗೂ ಆಧಾರವೇನೆಂದು ಕೇಳುವುದನ್ನು ಅಲ್ಲಿ ಕಲಿಸಿದರು. ಕೇಳಿಕೊಂಡಾಗ ತಿಳಿದದ್ದಿಷ್ಟು: ಅವ್ವ ಎಂದು ಕಣ್ಣು ಮುಚ್ಚಿದರೆ ಹೊಸಲಿನಲ್ಲಿ ಹಸುರು ಬಳೆಯ ಕೈಯೊಂದು ಕಾಣುತ್ತದೆ. ಸಾವಿನ ಮನೆಗಳಲ್ಲಿ ಕೇಳಿದ ಅಷ್ಟೊಂದು ಸಂಗತಿಗಳಲ್ಲಿ ಉಪ್ಪಿನದೊಂದು ಬಿಟ್ಟು ಬೇರೇನೂ ನೆನಪಿಗೆ ಬರುವುದಿಲ್ಲ. ಅದು ಉಳಿದದ್ದೂ ಮೇಷ್ಟ್ರು ತಪ್ಪೆಂದು ಎತ್ತಿ ತೋರಿಸಿದ್ದರಿಂದಲೇ ಇರಬೇಕು.

ಒಂದು ರಜೆಗೆ ಊರಿಗೆ ಬಂದಾಗ ಅಜ್ಜಿಯ ಕಣ್ಣು ಪೂರಾ ಹೋಗಿತ್ತು. ಧೈರ್ಯಮಾಡಿ ನನ್ನ ಮೂರು ಸಾಲನ್ನು ಅವಳ ಮುಂದೆ ಮೆಲ್ಲಗೆ ಹೇಳಿದೆ. ಬಳೆ ನಿಜವೇ ಎಂದು ಅವಳ ಮುಖದಲ್ಲಿ ತಿಳಿದೀತೆಂಬ ಆಸೆ. ಅಜ್ಜಿ ತಲೆದೂಗಿ ಕೇಳಿದಳು.

"ಚೆಂದಾಗದೆ. ಯಾರ್ ಮನೆ ಎಣ್ಮಗ್ಳಪ್ಪ ಅದು, ಪಾಪ?"

"ಗೊತ್ತಿಲ್ಲಜ್ಜಿ, ಪುಸ್ತಕದ್ದು," ಎಂದೆ.

ಎರಡು ವರ್ಷಕ್ಕೆ ಅಜ್ಜಿಯೂ ಹೋದಳು. ಹೇಳಿಕೊಂಡು ಅಳಬಲ್ಲ ನಾಲ್ಕಾರು ಹೆಂಗಸರು ಊರಲ್ಲಿ ಇನ್ನೂ ಇದ್ದರು. ಬಂದು ಅಂಗಳದಲ್ಲಿ ಕೂತರು. ಅಜ್ಜಿಯ ಹೆಸರಿನಲ್ಲಿ ಶುರುಮಾಡಿ ಒಬ್ಬೊಬ್ಬರೂ ತಮ್ಮ ತಮ್ಮ ಸತ್ತವರ ಕಡೆಗೆ ಹೊರಳಿದರು. ಒಬ್ಬಳು ಗಂಡನನ್ನು ಕರೆದಳು, ಒಬ್ಬಳು ತಂಗಿಯನ್ನು. ಹೆಣ ಎತ್ತುವವರು ಬರುವ ತನಕ ಗೋಡೆಗೊರಗಿ ಕೇಳುತ್ತಾ ನಿಂತಿದ್ದೆ. ನನ್ನ ಅವ್ವನನ್ನು ಯಾರೂ ಕರೆಯಲಿಲ್ಲ.