ಮಾಮನ ಓಟು, ಅಮ್ಮನ ಬೆರಳು

ನನ್ನ ಸೋದರಮಾವನಿಗೆ ಹುಟ್ಟಿನಿಂದಲೂ ಕಣ್ಣು ಕಾಣಿಸುವುದಿಲ್ಲ. ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಆಪರೇಟರಾಗಿ ಕೂತು, ಆ ಕಡೆಯವರು ‘ಹಲೋ’ ಅನ್ನುವಷ್ಟರಲ್ಲಿ ಯಾರೆಂದು ಹೇಳಿಬಿಡುವ ಆಸಾಮಿ. ಅಂಥವನ ಓಟನ್ನು ಪ್ರತಿ ಚುನಾವಣೆಯಲ್ಲೂ ಒತ್ತುತ್ತಿದ್ದವಳು ಅವನ ಅಕ್ಕ, ಅಂದರೆ ನನ್ನ ಅಮ್ಮ. ಅವನು ಕಿವಿಯಲ್ಲಿ ಉಸುರುವುದು, ಇವಳು ಒತ್ತುವುದು. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅವನೇನು ಎಳೆಮಗುವೇ?

ಈ ಸಲ ಮತಗಟ್ಟೆಯ ಬಾಗಿಲಲ್ಲೇ ಮಾಮ ಅಮ್ಮನ ಕೈ ಬಿಡಿಸಿಕೊಂಡ. "ಅಕ್ಕಾ, ಇವತ್ತು ನಾನೇ ಒತ್ತೀನಿ."

"ಏನೋ ಇದು ಹೊಸ ಹುಚ್ಚು? ತಪ್ಪು ಗುಂಡಿ ಒತ್ತಿಬಿಟ್ರೆ?"

ಒಳಗಿದ್ದ ಅಧಿಕಾರಿಯೂ ಅಮ್ಮನ ಕಡೆಯೇ. "ಜೊತೆಗೊಬ್ರು ಇರ್ಲಿ ಸಾರ್. ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ."

"ಜೊತೆಗೆ ಜನ ಬೇಕು ಅಂತ ನಾನು ಕೇಳಿದ್ರೆ ಕೊಡಿ ಅನ್ನುತ್ತೆ ಕಾನೂನು. ನಾನು ಕೇಳಿಲ್ವಲ್ಲ! ಹೆಸರುಗಳ ಬ್ರೈಲ್ ಹಾಳೆ ಕೊಡಿ, ಸಾಕು. ಗುಂಡಿ ಪಕ್ಕ ಉಬ್ಬು ಚುಕ್ಕಿ ಇದೆ, ನನ್ನ ಹತ್ರ ಬೆರಳಿದೆ," ಎಂದ ಮಾಮ, ಫೋನಿನಲ್ಲಿ ಮಾತಾಡುವ ಅದೇ ನಯವಾದ ದನಿಯಲ್ಲಿ. ಅಧಿಕಾರಿ ಗೊಣಗುತ್ತಲೇ ಹಾಳೆ ಹುಡುಕಿ ಕೊಟ್ಟರು.

ರಟ್ಟಿನ ಮರೆಗೆ ಹೋದ. ಕೊನೆಗೂ ಬೀಪ್! ಓಟು ಯಾರಿಗೆ ಬಿತ್ತೆಂದು ಗಾಜಿನ ಹಿಂದೆ ಒಂದು ಗಳಿಗೆ ತೋರಿಸುವ ಚೀಟಿಯೂ ಪೆಟ್ಟಿಗೆಯೊಳಗೆ ಬಿತ್ತು. ಮಾಮ ಹೊರಗೆ ಬಂದು ಅಧಿಕಾರಿಯತ್ತ ತಿರುಗಿದ.

"ಸಾರ್, ಕಣ್ಣಿರೋರಿಗೆ ಆ ಚೀಟಿ ಸಾಕ್ಷಿ. ನನಗೇನು ಸಾಕ್ಷಿ?"

"ನಾನು ಇಣುಕಿ ನೋಡಿ ಹೇಳೋ ಹಾಗಿಲ್ಲ ಸಾರ್. ಗುಟ್ಟು."

"ನೀವು ನೋಡಲೇಬೇಡಿ. ಯಂತ್ರಾನೇ ನನ್ನ ಕಿವಿಗೆ ಹೇಳ್ಲಿ. ಆಯೋಗಕ್ಕೆ ಬರೀತೀನಿ, ಮಾಡಿಸ್ದೆ ಬಿಡಲ್ಲ." ಬಿಡುವವನಲ್ಲ ಅವನು, ನನಗೆ ಗೊತ್ತು. ಹೆಮ್ಮೆಯಾಯಿತು.

ಹೊರಗೆ ಅಮ್ಮ ಮುಖ ಊದಿಸಿಕೊಂಡು ನಿಂತಿದ್ದಳು. "ಇಷ್ಟು ವರ್ಷ ನನ್ನ ನಂಬಿದ್ದೆ. ಈಗೇನಾಯ್ತು?"

"ಹೋದ ಸಲ ನಾನು ಹೇಳಿದ್ದು ಎಲ್ಲಕ್ಕಿಂತ ಮೇಲಿನ ಗುಂಡಿ. ನಿನ್ನ ಬಳೆ ಸದ್ದು ಬಂದಿದ್ದು ಕೆಳಗಿಂದ."

ಅಮ್ಮ ತಟ್ಟನೆ ಬಳೆಗಳನ್ನು ಅದುಮಿ ಹಿಡಿದಳು. ನಾನಂತೂ ಬೆಪ್ಪಾದೆ.

"ನೀನು ಹೇಳಿದೋನು ಗೆದ್ದಿದ್ರೆ ಊರೇ ಹಾಳಾಗ್ತಿತ್ತು ಕಣೋ!"

"ಆಗ್ಲಿ ಬಿಡು. ಆದ್ರೂ ನನ್ನ ಓಟಿಂದಾನೇ ಆಗ್ತಿತ್ತು."

ಅಮ್ಮ ಬಳೆಗಳನ್ನು ಬಿಟ್ಟು ಅವನ ಹತ್ತಿರ ಸರಿದಳು. ಮೆಲ್ಲಗೆ, "ಹೋಗ್ಲಿ, ಇವತ್ತು ಯಾರಿಗೆ ಹಾಕ್ದೆ?" ಎಂದಳು.

ಮಾಮ ಎಂದಿನಂತೆ ಅವಳ ಹೆಗಲ ಮೇಲೆ ಕೈಯಿಟ್ಟ. "ರಸ್ತೆ ದಾಟಿಸು ಅಕ್ಕಾ. ಅದನ್ನ ಮಾತ್ರ ಹೇಳಲ್ಲ."