ಎಂಜಿನ್ನಿನ ಮುಖದಲ್ಲಿ ಹುರಿದ ಬಾಡು

ಅಪ್ಪನ ಬಗ್ಗೆ ನನ್ನ ಬಳಿ ಇರುವುದು ಒಂದೇ ನೆನಪು. ಅದರಲ್ಲೂ ಅಪ್ಪ ಕಾಣುವುದಿಲ್ಲ. ಕಾಣುವುದು ಒಂದು ರೈಲು ಎಂಜಿನ್ನು.

ಶ್ರೀರಂಗಪಟ್ಟಣದ ಸ್ಟೇಷನ್ನು. ಉಗಿ ಎಂಜಿನ್ನು ಏದುಸಿರು ಬಿಡುತ್ತ ನಿಂತಿದೆ. ಹಿಂದಿನಿಂದ ಎರಡು ಕೈ ಕಂಕುಳಿಗೆ ಬಂದು ನನ್ನನ್ನು ಮೇಲೆತ್ತುತ್ತವೆ. ಎರಡು ಹೆಬ್ಬೆರಳು ಬೆನ್ನಿನ ಮೂಳೆಗೆ ನಾಟುವ ಹಾಗೆ ಒತ್ತುತ್ತವೆ. ನನ್ನ ಮುಖದ ಎದುರಿಗೇ ಎಂಜಿನ್ನಿನ ಮುಖ: ದುಂಡಗೆ, ಕಪ್ಪಗೆ, ನಡುವೆ ಒಂದು ಕಬ್ಬಿಣದ ನಕ್ಷತ್ರ. ನಕ್ಷತ್ರದ ಒಂದು ಮೊನೆ ಮುರಿದಿದೆ. ನಾನು ಬಲಗೈ ಚಾಚಿ ಮುಟ್ಟುತ್ತೇನೆ. ಆಮೇಲೆ ಕಿರುಚಾಟ. ಹುಣಸೆ ಬೀಜದಂಥ ಒಂದು ಗುರುತು ಅಂಗೈಯಲ್ಲಿ ಇವತ್ತಿಗೂ ಇದೆ. ಅದಾಗಿ ಸ್ವಲ್ಪ ದಿನಕ್ಕೇ ಅಪ್ಪ ತೀರಿಕೊಂಡ.

ಬರೆದದ್ದನ್ನು ಓದಿ ನೋಡಿದರೆ ನನಗೇ ಅನುಮಾನ. ನೆನಪು ಹೀಗೆ ಬೋಗಿಯ ಹಿಂದೆ ಬೋಗಿ ಬಂದಂತೆ ಬರುವುದುಂಟೆ? ಇನ್ನೂ ಸ್ಕೂಲಿಗೆ ಹಾಕದ ಮಗು ನಕ್ಷತ್ರದ ಮೊನೆ ಮುರಿದದ್ದನ್ನು ಗಮನಿಸಿ ಇಟ್ಟುಕೊಳ್ಳುತ್ತದೆಯೆ? ಮೊನೆಯನ್ನು ನಾನೇ ಆಮೇಲೆ ಯಾವಾಗಲೋ ಮುರಿದಿರಬಹುದು. ಆದರೆ ಇದನ್ನು ಕಳಚಿ ಹಾಕಿದರೆ ಅಪ್ಪ ಅನ್ನುವುದು ಗೋಡೆಯ ಮೇಲಿನ ಒಂದು ಫೋಟೊ ಆಗಿ ಉಳಿಯುತ್ತದೆ. ಅದೂ ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಭುಜದ ಮೇಲೆ ಬೇರೆಯವರ ಕೈ ಇದೆ.

ಕಳಚಿ ಹಾಕುವ ಕೆಲಸವನ್ನು ನನ್ನ ಅಕ್ಕ ಮೊದಲಿನಿಂದಲೂ ನಿಷ್ಠೆಯಿಂದ ಮಾಡುತ್ತ ಬಂದಿದ್ದಾಳೆ. ಅವತ್ತಿನದು ಅವಳ ಸ್ಕೂಲಿನ ಪ್ರವಾಸ. ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೊಗೆಗಾಡಿಯಲ್ಲಿ ಹೋಗಿ, ಹೊಳೆ ದಡದಲ್ಲಿ ಬುತ್ತಿ ಬಿಚ್ಚಿ ಉಂಡು, ಬರುವ ಗಾಡಿಗೆ ವಾಪಸ್ಸು. ಅವ್ವ ನನ್ನನ್ನೂ ಅವಳ ಸೊಂಟಕ್ಕೆ ಕಟ್ಟಿ ಕಳಿಸಿದ್ದಳು.

"ಅಪ್ಪ ಬಂದೇ ಇರ್ನಿಲ್ಲ ಕಣ್ಲಾ. ಆಲೆಮನೇಲಿ ಕೊಪ್ಪರಿಗೆ ಒಲೆ ಮೇಲಿತ್ತು. ಪಾಕ ಬುಟ್ಟು ಯಾವನ್ಲಾ ರೈಲ್ ನೋಡಕ್ಕೆ ಬತ್ತಾನೆ? ಸಂಜೆ ವಾಪಸ್ ಬಂದ್ಮೇಲೆ ನಿನ್ ಕೈ ಸುಟ್ಟಿದ್ದೂ ಅಲ್ಲೇಯ, ಪಾಕ ಸಿಡ್ದು. ದಿನವೆಲ್ಲ ನಿನ್ನ ಎತ್ಕಂಡು ತಿರುಗ್ದೋಳು ನಾನು. ಸೊಂಟ ಓಗಿದ್ದು ನಂದು, ಎಸ್ರು ಮಾತ್ರ ಅಪ್ಪಂದು!"

ಅಪ್ಪ ಬೆಲ್ಲದ ಪಾಕ ನೋಡಿ ಇಳಿಸುವ ಕೆಲಸದವನು. ಪಾಕ ಹದಕ್ಕೆ ಬರುವ ಹೊತ್ತಿನಲ್ಲಿ ಒಲೆ ಬಿಟ್ಟು ಕದಲುವಂತಿಲ್ಲ ಎನ್ನುವುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಹಾಗಾಗಿ ಅಕ್ಕನ ಮಾತಿಗೆ ತೂಕ ಜಾಸ್ತಿ. ಪ್ರವಾಸದ ವಿಷಯದಲ್ಲಿ ನಾವಿಬ್ಬರೂ ಒಪ್ಪುವುದು ಒಂದೇ ಒಂದು ಸಂಗತಿಯನ್ನು: ಕಿಟಕಿಯಿಂದ ಬಂದ ಕಲ್ಲಿದ್ದಲ ಚೂರು ಪುಳಿಯೋಗರೆಗೆಲ್ಲ ಬಿದ್ದಿತ್ತು, ಮೇಷ್ಟರು ಅದನ್ನು ಕರಿ ಎಳ್ಳು ಎಂದು ಹೇಳಿ ಎಲ್ಲರಿಗೂ ತಿನ್ನಿಸಿದ್ದರು.

ಕೆಲಸದಿಂದ ನಿವೃತ್ತನಾದ ಮೇಲೆ ನಾನು ಹಳೆಯ ರೈಲಿನ ಅವಶೇಷಗಳನ್ನು ಹುಡುಕಲು ಹೊರಟೆ. ಹವ್ಯಾಸ ಎಂದು ಹೇಳಿಕೊಂಡೆ. ಜೊತೆಗೆ ಬಂದವನು ಅಕ್ಕನ ಗಂಡ, ನನ್ನ ಭಾವ. ಅವನು ಬಸ್ಸಿನ ಡ್ರೈವರಾಗಿದ್ದವನು. ರೈಲನ್ನು ಕಂಡರೆ ತಾತ್ಸಾರ.

"ಅದ್ಕೆ ಡ್ರೈವರ್ ಯಾಕ್ ಭಾಮೈದ? ಸ್ಟೇರಿಂಗೇ ಇಲ್ವಲ್ಲ. ಅಳಿ ಎತ್ತಗ್ ಓಯ್ತದೋ ಅತ್ತಗ್ ಓಯ್ತದೆ."

ಆದರೂ ಸ್ಕೂಟರು ಅವನದೇ, ಓಡಿಸುವವನೂ ಅವನೇ. ನಾವು ಕಂಡದ್ದರಲ್ಲಿ ಹಳಿಯ ತುಂಡುಗಳೇ ಹೆಚ್ಚು, ಸ್ಕೂಲಿನ ಜಗುಲಿಗಳಲ್ಲಿ ಗಂಟೆಗಳಾಗಿ ನೇತಾಡುತ್ತಿದ್ದವು. ಹಳಿಯ ಕೆಳಗೆ ಹಾಸುತ್ತಿದ್ದ ಮರದ ದಿಮ್ಮಿಗಳು ಕೊಟ್ಟಿಗೆಯ ಬಾಗಿಲುವಾಡಗಳಾಗಿದ್ದವು. ಶ್ರೀರಂಗಪಟ್ಟಣದ ಒಂದು ಕ್ಷೌರದಂಗಡಿಯಲ್ಲಿ ವೇಯ್ಟಿಂಗ್ ರೂಮಿನ ಬೆಂಚು ಸಿಕ್ಕಿತು. ನಾನು ಬಗ್ಗಿ ಅದರ ಕಾಲನ್ನು ನೋಡುತ್ತಿದ್ದಂತೆ ಅಂಗಡಿಯವನು ನಮ್ಮನ್ನು ರೈಲ್ವೆಯವರೆಂದು ತಿಳಿದು ಬೆಂಚಿನ ಮೇಲೆ ಟವೆಲು ಹೊದಿಸಿದ. ಅಷ್ಟು ದೊಡ್ಡ ಬೆಂಚಿಗೆ ಮುಖ ಒರೆಸುವ ಟವೆಲು.

ನಾವು ರೈಲ್ವೆಯವರಲ್ಲ, ನಕ್ಷತ್ರವಿರುವ ಎಂಜಿನ್ನಿನ ಮುಖ ಹುಡುಕುತ್ತಿದ್ದೇವೆ ಎಂದಾಗ ಅವನು ನಕ್ಕುಬಿಟ್ಟ. "ಎಂಜಿನ್ ಮಕವಾ? ಅದ್ನ ನೋಡ್ಬೇಕಾದ್ರೆ ಬೀಗರೂಟಕ್ ಓಗಿ ಸಾರ್. ಅದ್ರಲ್ಲೇ ಬಾಡ್ ಉರಿಯೋದು."

ವಿಷಯ ಇಷ್ಟು. ಉಗಿ ಎಂಜಿನ್ನಿನ ಮುಂಭಾಗದಲ್ಲಿ ಮಸಿ ಬಾಚಲು ತೆಗೆಯುವ ಒಂದು ದುಂಡು ಬಾಗಿಲಿರುತ್ತದೆ. ನಾವು ಎಂಜಿನ್ನಿನ ಮುಖ ಎನ್ನುವುದು ಅದನ್ನೇ. ತಟ್ಟೆಯ ಹಾಗೆ ಸ್ವಲ್ಪ ಉಬ್ಬಿರುತ್ತದೆ. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದ ಕಾಲದಲ್ಲಿ ಕೆ.ಆರ್. ಪೇಟೆ ಕಡೆಯ ಒಬ್ಬ ಅಡುಗೆಯವನು ಗುಜರಿಯಲ್ಲಿ ಅಂಥದೊಂದು ಬಾಗಿಲನ್ನು ಕೊಂಡು, ನಡುವಿನ ತೂತಿಗೆ ಬೆಸುಗೆ ಹಾಕಿಸಿ, ಮುಖ ಅಡಿಯಾಗಿ ಮಲಗಿಸಿ ಬಾಣಲೆ ಮಾಡಿಕೊಂಡ. ಈಗ ಈ ನಾಲ್ಕು ತಾಲ್ಲೂಕಿನಲ್ಲಿ ಮದುವೆಯ ಮೇಲೆ ಬೀಗರಿಗೆ ಹಾಕುವ ಬಾಡೂಟಕ್ಕೆ ಆ ಬಾಣಲೆ ಬಂದರೇ ಮರ್ಯಾದೆ. ಟ್ರಾಕ್ಟರಿನ ಮೇಲೆ ಊರಿಂದೂರಿಗೆ ತಿರುಗುತ್ತಿರುತ್ತದಂತೆ. ಎಂಜಿನ್ನು ಹೋಗದ ಊರಿಗೆಲ್ಲ ಮುಖ ಹೋಗಿದೆ.

ಭಾವನಿಗೆ ಮೊದಲ ಬಾರಿಗೆ ರೈಲಿನ ಇತಿಹಾಸದಲ್ಲಿ ಆಸಕ್ತಿ ಹುಟ್ಟಿತು.

ಬಾಣಲೆ ಬಂದಿದೆಯೆಂದು ಕೇಳಿ ಪಾಂಡವಪುರದ ಹತ್ತಿರದ ಒಂದು ಊರಿಗೆ ನಾವು ಹೋಗುವಷ್ಟರಲ್ಲಿ ಬಾಣಲೆ ಹೊರಟುಹೋಗಿತ್ತು. ಮೂರು ಗುಂಡುಕಲ್ಲು, ನಡುವೆ ಬೂದಿ. ನಾನು ಬೂದಿಯ ಫೋಟೊ ತೆಗೆಯುತ್ತಿದ್ದೆ. ಶಲ್ಯ ಹೊದ್ದ ಯಜಮಾನರೊಬ್ಬರು ಬಂದು ಗದರಿದರು: "ಏನ್ ಸ್ವಾಮಿ, ಎಲೆ ಮೇಲ್ ಕೂರದ್ ಬುಟ್ಟು ಒಲೆ ಮುಂದ್ ಕೂತಿದ್ದೀರಿ? ಗಂಡಿನ್ ಕಡೆಯವ್ರಾ, ಎಣ್ಣಿನ್ ಕಡೆಯವ್ರಾ?"

"ಬಾಣಲೆ ಕಡೆಯವ್ರು," ಎಂದ ಭಾವ.

ಯಜಮಾನರು ಒಂದು ಗಳಿಗೆ ಯೋಚಿಸಿದರು. ಅಂಥದೊಂದು ಸಂಬಂಧ ಇರಲಾರದು ಎಂದು ಖಂಡಿತವಾಗಿ ಹೇಳುವ ಧೈರ್ಯ ಮದುವೆ ಮನೆಯಲ್ಲಿ ಯಾರಿಗೂ ಇರುವುದಿಲ್ಲ. ಕೂರಿಸಿದರು. ಮುದ್ದೆ ಬಂತು, ಸಾರು ಬಂತು, ಹುರಿದ ಬಾಡು ಬಂತು. ಸಾಕು ಎಂದು ಎಲೆಗೆ ಅಡ್ಡ ಹಿಡಿದ ನನ್ನ ಕೈಯ ಮೇಲೂ ಒಂದು ಸೌಟು ಬಿತ್ತು.

ಮುಂದಿನ ಸಲ ಕೆ.ಆರ್. ಪೇಟೆಯ ದಾರಿಯ ಒಂದು ಹಳ್ಳಿಯಲ್ಲಿ ಅದು ಸಿಕ್ಕಿತು. ಶಾಮಿಯಾನದ ಹಿಂದೆ, ಕಲ್ಲಿನ ಮೇಲೆ, ಬೆಂಕಿಯಲ್ಲಿ. ಬಾಣಲೆಯ ಒಳಗಡೆ ಕಾಣುತ್ತಿದ್ದದ್ದು ಎಂಜಿನ್ನಿನ ಬಾಗಿಲಿನ ಬೆನ್ನು. ಅಲ್ಲಿ ಈರುಳ್ಳಿ ಬಾಡುತ್ತಿತ್ತು. ಮುಖ ಕೆಳಗೆ, ಬೆಂಕಿಗೆ. ನಕ್ಷತ್ರ ಇದ್ದರೆ ಅಲ್ಲಿರಬೇಕು. ಅಡುಗೆಯವನು ಗುದ್ದಲಿಯಂಥ ಸೌಟು ಹಿಡಿದು ನಿಂತಿದ್ದ.

"ಇದು ಮಾರಾಜ್ರು ಕೂರೋ ರೈಲಿಂದು," ಎಂದ ನನಗೆ. "ಅದ್ಕೇ ತಳ ಇಡಿಯಲ್ಲ."

"ಒಂದು ಸಲ ಮಗುಚಿ ತೋರಿಸ್ತೀರಾ? ಊಟ ಎಲ್ಲ ಆದ ಮೇಲೆ?"

ಸುತ್ತ ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸರ ಕೈಗಳು ನಿಂತವು. ಒಬ್ಬ ಅಜ್ಜಿ ನನ್ನನ್ನು ಕೆಳಗಿನಿಂದ ಮೇಲೆ ನೋಡಿದಳು. "ಯಾವೂರ್ಲಾ ನಿಂದು? ಮದ್ವೆ ಮನೇಲಿ ಪಾತ್ರೆ ಬೋರ್ಲಾಕು ಅಂತೀಯಲ್ಲ! ಮಾದೇಶ್ವರ, ಇವ್ನ್ ಬಾಯಿಗಷ್ಟು ಮಣ್ಣಾಕ."

ನನಗೆ ನಿಯಮ ಮರೆತಿತ್ತು. ಮದುವೆ ಮನೆಯಲ್ಲಿ ಒಲೆ ಏರಿದ ಪಾತ್ರೆಯನ್ನು ಬೋರಲು ಹಾಕಿದರೆ ಮನೆ ಬರಿದಾಗುತ್ತದೆ. ಊರ ಗಡಿ ದಾಟುವವರೆಗೆ ಅದರ ಬಾಯಿ ಮೇಲಕ್ಕೇ ಇರಬೇಕು. ತೊಳೆಯುವುದು ಸಹ ಗಡಿಯಾಚೆ. ಭಾವ ನನ್ನ ಪರವಾಗಿ ಕ್ಷಮೆ ಕೇಳಿದ: "ತಪ್ ತಿಳ್ಕಬ್ಯಾಡಿ ಅಜ್ಜಿ, ಅವ್ನು ಓದಿದೋನು." ಇಬ್ಬರಿಗೂ ಎಲೆ ಹಾಕಿದರು. ನನ್ನ ಎಲೆಗೆ ಬರೀ ಮೂಳೆ ಬಂತು.

ಅಡುಗೆಯವನಿಗೆ ಮಾತ್ರ ನನ್ನ ಮೇಲೆ ಕನಿಕರ ಬಂದಿತ್ತು. ಮುಂದಿನ ಊಟ ನಾಗಮಂಗಲದ ಆಚೆ, ಊಟ ಮುಗಿಸಿ ಹೊರಟಾಗ ಹಿಂದೆ ಬನ್ನಿ, ಗಡಿ ದಾಟಿದ ಮೇಲೆ ತೊಳೆಯಲು ನಿಲ್ಲಿಸುತ್ತೇನೆ, ಆಗ ನೋಡಿಕೊಳ್ಳಿ ಎಂದ. ಊರಿನ ಹೆಸರು ಹೇಳಿದ ತಕ್ಷಣ ಭಾವನ ಮುಖ ಅರಳಿತು. ಅದು ಅವನ ದಾಯಾದಿಯ ಮನೆ. ಲಗ್ನಪತ್ರಿಕೆ ಬಂದು ಫ್ರಿಜ್ಜಿನ ಮೇಲೆ ಕೂತಿತ್ತು. ಎರಡು ಬಾರಿ ಕರೆಯದೆ ಹೋಗಿ ಉಂಡ ನಾವು, ಕರೆದ ಮನೆಯನ್ನು ಮರೆತಿದ್ದೆವು.

ಆದ್ದರಿಂದ ಮೂರನೆಯ ಸಲ ಅಕ್ಕನೂ ಬಂದಳು. ರೇಷ್ಮೆ ಸೀರೆ ಉಟ್ಟು, ನನ್ನ ಹುಚ್ಚು ಇವತ್ತಿಗೆ ಬಿಡುತ್ತದೆ ಎಂಬ ಭರವಸೆಯಲ್ಲಿ. ಊಟ ಮುಗಿದು, ನಾಲ್ಕು ಜನ ಬೊಂಬು ಕೊಟ್ಟು ಬಾಣಲೆಯನ್ನು ಟ್ರಾಕ್ಟರಿಗೆ ಏರಿಸಿದರು. ಹಿಂದೆ ಒಂದೇ ಸ್ಕೂಟರಿನಲ್ಲಿ ನಾವು ಮೂವರು: ಭಾವ ಮುಂದೆ, ನಾನು ನಡುವೆ, ಅಕ್ಕ ಕೊನೆಯಲ್ಲಿ ಬಾಡು ತುಂಬಿದ ಹಿಡಿಕೆಯ ಡಬ್ಬಿ ಹಿಡಿದು.

"ನಕ್ಸತ್ರ ಇರ್ನಿಲ್ಲ ಅಂದ್ರೆ ಇವತ್ತಿಂದ ಬಾಯ್ ಮುಚ್ಕಂಡ್ ಇರ್ಬೇಕು," ಎಂದಳು ಬೆನ್ನ ಹಿಂದಿನಿಂದ.

"ಇದ್ದರೆ?"

"ಇದ್ರೂವೆ."

ಗಡಿಕಲ್ಲು ದಾಟಿ ಸ್ವಲ್ಪ ದೂರದಲ್ಲಿ ಒಂದು ಹುಣಸೆ ಮರ. ಬಾಣಲೆಯನ್ನು ಇಳಿಸಿ ಬುಡಕ್ಕೆ ಒರಗಿಸಿದರು. ಈಗ ಮುಖ ನಮ್ಮ ಕಡೆಗೆ. ಎಷ್ಟೋ ಮದುವೆಗಳ ಮಸಿ ಬೆರಳು ದಪ್ಪಕ್ಕೆ ಕೂತಿತ್ತು. ನಾನು ತೆಂಗಿನ ಸಿಪ್ಪೆ ಹಿಡಿದು ಉಜ್ಜತೊಡಗಿದೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಅಂಚು. ಆಮೇಲೆ ಒಂದು ಕೋನ. ನಕ್ಷತ್ರ ಇತ್ತು. ಒಂದು ಮೊನೆ ಮುರಿದಿತ್ತು.

"ಅಕ್ಕಾ, ನೋಡು! ಮೊನೆ ನೋಡು!"

ಅಕ್ಕ ಬಗ್ಗಿ ನೋಡಿದಳು. ಮಾತಾಡಿದವನು ಅಡುಗೆಯವನು: "ಆ ಮೊನೆ ಮುರ್ಸಿದ್ದು ನಾನೇಯ. ಕಲ್ ಮೇಲೆ ಸರ್ಯಾಗಿ ಕೂರ್ತಿರ್ನಿಲ್ಲ ಅಂತವ. ತಂದಾಗ ಎಲ್ಲಾ ನೆಟ್ಟಗಿತ್ತು."

"ಅಂಗಾರೆ ಇದು ಬ್ಯಾರೆ ಎಂಜಿನ್ನು," ಎಂದ ಭಾವ, ತೀರ್ಪು ಕೊಡುವ ದನಿಯಲ್ಲಿ.

ನನಗೆ ಸಹಿಸಲಾಗಲಿಲ್ಲ. ಮಹಾರಾಜರ ರೈಲು ಎಂದು ಸುಳ್ಳು ಹೇಳಿದವನು ಇದನ್ನೂ ಹೇಳಿರಬಹುದು. ಮುರಿದ ಅಂಚು ಹಳೆಯದೋ ಹೊಸದೋ ನೋಡೋಣ ಎಂದು ಬೆರಳಾಡಿಸಲು ಹೋದೆ. ಬಲಗೈಯಲ್ಲಿ ಸಿಪ್ಪೆ ಇತ್ತು, ಎಡಗೈ ಇಟ್ಟೆ. ದಪ್ಪ ಕಬ್ಬಿಣ ಬೇಗ ಆರುವುದಿಲ್ಲ ಎನ್ನುವುದನ್ನು ಜೀವನದಲ್ಲಿ ಒಂದು ಸಲ ಕಲಿತವನು ಮತ್ತೆ ಕಲಿತೆ. ಕಿರುಚಿದೆನಂತೆ. ಹೊಲದಲ್ಲಿದ್ದ ಎಮ್ಮೆ ತಲೆಯೆತ್ತಿತಂತೆ. ಇವು ಭಾವ ಹೇಳಿದ್ದು.

ನನಗೆ ಗೊತ್ತಿರುವುದು ಬೇರೆ. ಹಿಂದಿನಿಂದ ಎರಡು ಕೈ ಕಂಕುಳಿಗೆ ಬಂದು ನನ್ನನ್ನು ಮೇಲಕ್ಕೆಳೆದವು. ಈ ವಯಸ್ಸಿನ ಮೈ ಏಳಲಿಲ್ಲ, ಹಿಮ್ಮಡಿ ಮಾತ್ರ ಎದ್ದಿತು. ಎರಡು ಹೆಬ್ಬೆರಳು ಬೆನ್ನಿನ ಮೂಳೆಗೆ ನಾಟಿದವು. ಅದೇ ಜಾಗಕ್ಕೆ. ಕಣ್ಣು ಮುಚ್ಚಿದ್ದೆ, ತೆರೆಯಬೇಕಾಗಿರಲಿಲ್ಲ.

ಅಡುಗೆಯವನ ಮೊಸರಿನ ಗಡಿಗೆಗೆ ಅಕ್ಕ ನನ್ನ ಕೈಯನ್ನು ಮಣಿಕಟ್ಟಿನವರೆಗೆ ಅದ್ದಿದಳು. "ಅಯ್ಯೋ, ಅದು ರಾತ್ರಿ ನಮ್ ಊಟುಕ್ಕೆ ಕಣವ್ವ," ಎಂದು ಅವನು ಗೋಳಾಡಿದ.

"ಅವತ್ತು ಎತ್ತಿದ್ದು ನೀನೇ," ಎಂದೆ ನಾನು.

"ಇಷ್ಟ್ ವರ್ಸದಿಂದ ಅದ್ನೇ ಅಲ್ವೇನ್ಲಾ ಬಡ್ಕತಿರಾದು?"

"ಎಂಜಿನ್ನಿಗೆ ಎತ್ತಿದ್ದೆ ಅಂದರೆ ಸುಟ್ಟಿದ್ದೂ ಎಂಜಿನ್ನೇ. ಆಲೆಮನೆ ಅಲ್ಲ."

ಅಕ್ಕ ಸೀರೆಗೆ ಹತ್ತಿದ ಮಸಿಯನ್ನು ಒರೆಸಿಕೊಂಡಳು. ಅದು ಇನ್ನಷ್ಟು ಹರಡಿತು. "ಮತ್ತೆ ಅವ್ವಂಗ್ ಏನಂತ ಏಳ್ಲಿ? ನಾನೇ ಎತ್ತಿ ಸುಡುಸ್ಕಂಡ್ ಬಂದೆ ಅಂತ್ಲಾ? ಬರ್ತಾ ನಿನ್ನ ಸೀದಾ ಆಲೆಮನೆಗ್ ಎತ್ಕಂಡೋದೆ. ಅಪ್ಪ ಕೈ ನೋಡ್ದ. ನನ್ ಮಕ ನೋಡ್ದ. ಮನೆಗ್ ಬಂದು, ಪಾಕ ಸಿಡೀತು ಕಣೆ ಅಂತ ಅವನೇ ಅವ್ವಂಗ್ ಏಳ್ದ. ಅವ್ವ ಬಾಯಿಗ್ ಬಂದಂಗ್ ಬೈದ್ಲು. ಮಗೀನ ಒಲೆತಾವ ಬುಟ್ಕಂಡಿದ್ಯಾ, ನೀನೊಬ್ಬ ಗಂಡ್ಸಾ ಅಂತವ. ಸುಮ್ಕೆ ಬೈಸ್ಕಂಡು ಉಣ್ತಾ ಕೂತಿದ್ದ."

"ಏನು ಉಣ್ತಿದ್ದ?"

"ಮಿಕ್ಕಿದ್ ಪುಳಿಯೋಗರೆ. ಕಲ್ಲಿದ್ಲು ಕಟುಂ ಅಂತಿತ್ತು. ಎಳ್ಳು ಗಟ್ಟಿ ಅವೆ ಅಂದ."

ಹೀಗೆ ನನ್ನಲ್ಲಿದ್ದ ಒಂದೇ ನೆನಪಿನಿಂದ ಅಪ್ಪ ಇಳಿದುಹೋದ. ಸ್ಟೇಷನ್ನಿನಲ್ಲಿ ಅವನು ಇರಲಿಲ್ಲ. ಈಗ ಇರುವುದು ಉಣ್ಣುತ್ತ ಕೂತ ಅಪ್ಪ. ಅದು ಅಕ್ಕನ ನೆನಪು, ನನ್ನದಲ್ಲ. ಅದರಲ್ಲೂ ಎಷ್ಟು ಅವಳದು, ಎಷ್ಟು ನನ್ನ ಸುಟ್ಟ ಕೈ ನೋಡಿ ಅಲ್ಲೇ ಕಟ್ಟಿದ್ದು ಎಂದು ಹೇಳಲಾರೆ. ಆ ಎಳ್ಳಿನ ಮಾತು ನಿಜವೆನ್ನಲು ತೀರಾ ಚೆನ್ನಾಗಿದೆ.

"ನಿಜವಾ?" ಎಂದೆ.

"ಬ್ಯಾಡ್ದಿದ್ರೆ ಬುಡು," ಎಂದಳು ಅಕ್ಕ.

ಅವರು ಬಾಣಲೆಯನ್ನು ತೊಳೆದು, ಬಾಯಿ ಮೇಲೆ ಮಾಡಿ, ಟ್ರಾಕ್ಟರಿಗೆ ಏರಿಸಿದರು. ನಕ್ಷತ್ರ ಅಡಿಗೆ ಹೋಯಿತು. ಭಾವ ಅಡುಗೆಯವನ ಪಕ್ಕಕ್ಕೆ ಹೋಗಿ ಮುಂದಿನ ಊರು ಯಾವುದೆಂದು ವಿಚಾರಿಸುತ್ತಿದ್ದ. ನಾನು ಮೊಸರಿನಿಂದ ಕೈ ತೆಗೆದು ನೋಡಿದೆ. ಅಕ್ಕ ಮಣಿಕಟ್ಟು ಹಿಡಿದು ಮತ್ತೆ ಅದ್ದಿದಳು.