ಕೈಗೆ ಕೆಲಸವಿಲ್ಲದ ನಾಲ್ಕು ದಿನ

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅತ್ತೆ-ಸೊಸೆ ಜಗಳದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಸರ್ವಮಂಗಳಮ್ಮನ ಹೆಸರು ಎತ್ತಿಯೇ ಎತ್ತುತ್ತಾರೆ. “ಅತ್ತೆ ಅಂದ್ರೆ ಆಯಮ್ಮನಂಗಿರ್ಬೇಕು ಕಣ್ರಿ. ಸೊಸೆ ಕೈಲಿ ಒಂದು ಲೋಟ ತೊಳೆಸಿದ್ದು ಕಂಡಿಲ್ಲ.” ಈ ಹೊಗಳಿಕೆ ಸರ್ವಮಂಗಳಮ್ಮನ ಕಿವಿಗೂ ಎಷ್ಟೋ ಸಲ ಬಿದ್ದಿದೆ. ಬಿದ್ದಾಗ ಆಕೆ ಏನೂ ಕೇಳಿಸದವರ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಒಳಗೊಳಗೇ ಹಿಗ್ಗುತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ ಬಿಡಿ.

ಹಿಗ್ಗುವುದಕ್ಕೆ ಕಾರಣವೂ ಇತ್ತು. ಧರ್ಮಪುರದ ಕಡೆಯ ಶೇಂಗಾ ಹೊಲದಲ್ಲಿ ಬೆಳೆದ ಆಕೆ ಗಂಗಾಧರಪ್ಪನವರ ಕೈಹಿಡಿದು ಈ ಮನೆಗೆ ಬಂದ ಕಾಲಕ್ಕೆ ಸೌದೆ ಒಲೆ, ಮನೆ ತುಂಬ ಜನ, ಎಲ್ಲರ ಮೇಲೊಬ್ಬ ಅತ್ತೆ. ಬಂದ ವಾರದಲ್ಲೇ ಹೊಸ ಸೊಸೆ ಕಟ್ಟಿದ ಮುದ್ದೆಯಲ್ಲಿ ಗಂಟು ಸಿಕ್ಕಿತು. ಅತ್ತೆ ಒಂದು ಮಾತೂ ಆಡಲಿಲ್ಲ. ಎಲ್ಲರೂ ಊಟಕ್ಕೆ ಕೂತಿರುವಾಗಲೇ ಎದ್ದು, ಆ ಮುದ್ದೆಯನ್ನು ಹಿತ್ತಲಿಗೆ ಒಯ್ದು ಎಮ್ಮೆಯ ಕಲಗಚ್ಚಿನ ಬಾನಿಗೆ ಹಾಕಿ ಬಂದರು. ಆಮೇಲೆ ವರ್ಷಗಟ್ಟಲೆ ಸರ್ವಮಂಗಳಮ್ಮ ಹೊಗೆಯಲ್ಲಿ ಕಣ್ಣು ಒರೆಸಿಕೊಂಡು, ಬಸುರಿಯಾದಾಗಲೂ ಆಳುಗಳಿಗೆಲ್ಲ ರೊಟ್ಟಿ ಬಡಿದು, ಅಂಗೈ ಸುಟ್ಟುಕೊಂಡು, ಮನಸ್ಸಿನಲ್ಲೇ ಒಂದು ಶಪಥ ಮಾಡಿದ್ದರು: ನನ್ನ ಮನೆಗೆ ಬರುವ ಸೊಸೆಗೆ ಈ ಪಾಡು ಬರಕೂಡದು.

ಮಗ ಕೊಟ್ರೇಶನ ಕೈಹಿಡಿದು ಹೊಳಲ್ಕೆರೆಯಿಂದ ಚೈತ್ರಾ ಸೊಸೆಯಾಗಿ ಬಂದ ದಿನದಿಂದ ಆ ಶಪಥ ಒಂದು ದಿನವೂ ತಪ್ಪಿದ್ದಿಲ್ಲ. ಅವಳು ಏಳುವ ಹೊತ್ತಿಗೆ ಕಾಫಿ ಸಿದ್ಧ. ಸ್ನಾನ ಮುಗಿಸಿ, ಲಿಂಗಪೂಜೆ ಮಾಡಿ ಬರುವಷ್ಟರಲ್ಲಿ ತಿಂಡಿ ಸಿದ್ಧ. ಮೊಮ್ಮಗಳು ಸಹನಾಳ ಶಾಲೆಯ ಡಬ್ಬಿಯೂ ಮುಚ್ಚಳ ಹಾಕಿಸಿಕೊಂಡು ಕೂತಿರುತ್ತಿತ್ತು. ಚೈತ್ರಾ ಈಳಿಗೆಮಣೆ ಹತ್ತಿರ ಹೋದರೆ “ಬಿಡವ್ವ, ನಾನು ಹೆಚ್ತೀನಿ,” ಒಲೆ ಹತ್ತಿರ ಬಂದರೆ “ನೀನು ಹೊರಗೆ ಗಾಳಿಗೆ ಕುಂತ್ಕ ಹೋಗು.” ಹೇಳುವ ದನಿಯಲ್ಲಿ ಕಪಟವಿರಲಿಲ್ಲ, ಅಪ್ಪಟ ಪ್ರೀತಿಯೇ ಇತ್ತು.

ಈ ಸಲದ ಆಶ್ವೀಜವೂ ಹಾಗೇ ನಡೆದಿತ್ತು. ಬೆಳಗಿನ ಹೊತ್ತು ತೆಳ್ಳಗೆ ಮಂಜು, ಮಧ್ಯಾಹ್ನ ಚುರುಕು ಬಿಸಿಲು. ಬೀದಿಯಲ್ಲಿ ಹಸಿ ಶೇಂಗಾದ ಗಾಡಿಗಳು ಬಂದಿದ್ದವು. ಸಂಜೆ ಸಹನಾ ಶಾಲೆಯಿಂದ ಬಂದರೆ ಅಜ್ಜಿ ಉಪ್ಪು ಹಾಕಿ ಬೇಯಿಸಿದ ಶೇಂಗಾಕಾಯಿಯ ಬೋಗುಣಿ ಜಗುಲಿಗೆ ಬರುತ್ತಿತ್ತು, ಅಜ್ಜ ಮೊಮ್ಮಗಳು ಸೇರಿ ಜಗುಲಿ ತುಂಬ ಸಿಪ್ಪೆ ಮಾಡುತ್ತಿದ್ದರು. ಸೀಗೆ ಹುಣ್ಣಿಮೆಗೆ ಹೊಲಕ್ಕೆ ಒಯ್ಯುವ ಕಡುಬು, ಪಲ್ಯ, ಬುತ್ತಿ ಎಲ್ಲ ಸರ್ವಮಂಗಳಮ್ಮ ಒಬ್ಬರೇ ಮಾಡಿದರು. ಚೈತ್ರಾ ಬುಟ್ಟಿಯನ್ನು ಕಾರಿನಲ್ಲಿ ಇಟ್ಟಳು, ಹೊಲದಲ್ಲಿ ಇಳಿಸಿದಳು.

ಹುಣ್ಣಿಮೆಯ ಮಾರನೆಯ ದಿನ ಗಂಗಾಧರಪ್ಪ ಹೆಂಡತಿಯನ್ನು ಹಿತ್ತಲಿಗೆ ಕರೆದರು. ಅವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುವುದು ಊರಿಗೇ ಗೊತ್ತಿದ್ದ ಸಂಗತಿ.

“ಲೇ, ಯಾರ ಮುಂದೂ ಆಡಬ್ಯಾಡ. ಕೊಟ್ರೇಶ, ಚೈತ್ರಾ ಇಬ್ರೂ ದುರ್ಗದಾಗೆ ಬಾಡಿಗೆ ಮನೆ ನೋಡ್ಕಂಡು ಬಂದವ್ರೆ. ಸಹನಾನ ಅಲ್ಲೇ ಶಾಲೆಗೆ ಹಾಕ್ತಾರಂತೆ. ಅವ್ನು ಅಲ್ಲಿಂದ್ಲೇ ದಿನಾ ಅಂಗಡಿಗೆ ಓಡಾಡ್ತಾನಂತೆ.”

“ಶಾಲೆಗೇನು, ಇಲ್ಲಿ ಶಾಲೆ ಇಲ್ವಾ?”

“ಶಾಲೆ ನೆಪ ಕಣೇ. ಚೈತ್ರಾಗೆ ಈ ಮನೇಲಿ ಇರಾಕೆ ಮನಸಿಲ್ವಂತೆ.”

ನಾನು ಏನು ಕಡಿಮೆ ಮಾಡಿದ್ದೆ? ಈ ಪ್ರಶ್ನೆ ಅವತ್ತಿನಿಂದ ಸರ್ವಮಂಗಳಮ್ಮನನ್ನು ಅನ್ನ ಬಸಿಯುವಾಗಲೂ ಬಿಡಲಿಲ್ಲ, ಕಸ ಗುಡಿಸುವಾಗಲೂ ಬಿಡಲಿಲ್ಲ. ಸೊಸೆಯನ್ನು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅವಳು ಹೌದು ಎಂದುಬಿಟ್ಟರೆ?

ಅಷ್ಟರಲ್ಲಿ ಕೊಟ್ರೇಶ ಒಂದು ದೊಡ್ಡ ಸುದ್ದಿ ತಂದ. ಅವನದು ಮೋಟರು, ಪೈಪಿನ ಅಂಗಡಿ. ವರ್ಷವಿಡೀ ಚೆನ್ನಾಗಿ ವ್ಯಾಪಾರ ಮಾಡಿದ್ದಕ್ಕೆ ಪೈಪ್ ಕಂಪನಿಯವರು ಇಬ್ಬರಿಗೆ ಬಾಲಿ ಎಂಬ ದ್ವೀಪಕ್ಕೆ, ಸಮುದ್ರದ ದಂಡೆಗೆ ಪ್ರವಾಸ ಕೊಟ್ಟಿದ್ದರು. “ದೀಪಾವಳಿ ಮುಂದೈತೆ, ಅಂಗಡಿ ಬಿಟ್ಟು ನಾನು ಬರಾಕಾಗಲ್ಲ ಅವ್ವ. ನೀನು, ಚೈತ್ರಾ ಹೋಗ್ಬರ್ರಿ,” ಎಂದ. ಮಗನ ಮುಖ ನೋಡಿದ ಕೂಡಲೇ ತಾಯಿಗೆ ಅರ್ಥವಾಯಿತು. ಮನೆ ಬಿಡುವ ಮಾತನ್ನು ಹೆಂಡತಿಯ ಬಾಯಿಂದಲೇ ಆಡಿಸಬೇಕು, ತಾನು ಎದುರಿಗೆ ಇರಬಾರದು. ಕಷ್ಟದ ಮಾತು ಬಂದಾಗ ಗಂಡಸರಿಗೆ ಅಂಗಡಿಯ ಕೆಲಸ ಜೋರಾಗಿಬಿಡುತ್ತದೆ.

ಹೋಗುವುದಿಲ್ಲ ಎಂದರೂ ಕೇಳುವವರಿಲ್ಲ. ಮನೆ ನೋಡಿಕೊಳ್ಳಲು ಹೊಳಲ್ಕೆರೆಯಿಂದ ಚೈತ್ರಾಳ ತಾಯಿ ಬಂದರು. ತಮ್ಮ ಒಲೆಯನ್ನು ಬೀಗಿತ್ತಿಯ ಕೈಗೆ ಕೊಡುವಾಗ ಸರ್ವಮಂಗಳಮ್ಮನ ಮುಖ ನೋಡಬೇಕಿತ್ತು. ಕಟಕಲು ರೊಟ್ಟಿ, ಚಟ್ನಿಪುಡಿ, ಹುರಿದ ಅವಲಕ್ಕಿ, ವಿಭೂತಿ ಗಟ್ಟಿ ಎಲ್ಲ ಚೀಲಕ್ಕೆ ತುಂಬಿಕೊಂಡು ಆಕೆ ವಿಮಾನ ಹತ್ತಿದರು. ಕಿಟಕಿಯ ಸೀಟು ಸೊಸೆ ಬಿಟ್ಟುಕೊಟ್ಟಳು. ಮೋಡ ಕೆಳಗೆ ಹೋದಾಗ ಸರ್ವಮಂಗಳಮ್ಮ ಶಿವಶಿವಾ ಎಂದು ಕಣ್ಣು ಮುಚ್ಚಿದರು, ಒಂದು ಕ್ಷಣ ಬಿಟ್ಟು ಒಂದೇ ಕಣ್ಣು ತೆರೆದು ನೋಡಿದರು.

ಸಮುದ್ರ ಮಾತ್ರ ಆಕೆಯನ್ನು ಬೆರಗಾಗಿಸಿತು. ಅದುವರೆಗೆ ಆಕೆ ಕಂಡ ದೊಡ್ಡ ನೀರೆಂದರೆ ಹಿರಿಯೂರಿನ ಮಾರಿಕಣಿವೆ. ಡ್ಯಾಮು ಕೋಡಿ ಬಿದ್ದ ವರ್ಷ ಊರಿಗೆ ಊರೇ ನೋಡಲು ಹೋದಾಗ ಇವರೂ ಹೋಗಿ ಬಾಗಿನ ಬಿಟ್ಟು ಬಂದಿದ್ದರು. “ಮಾರಿಕಣಿವೆಗೆ ಆಚೆ ಕಡೆ ಗುಡ್ಡ ಅವೆ. ಇದಕ್ಕೆ ಆಚೆ ಕಡೇನೇ ಇಲ್ವಲ್ಲೇ ಚೈತ್ರಾ!” ಎಂದು ಮರಳಲ್ಲಿ ನಿಂತುಬಿಟ್ಟರು. ಚೈತ್ರಾ ಕೈ ಹಿಡಿದು ನೀರಿಗೆ ಇಳಿಸಿದಳು. ಅಲೆ ಬಂದು ಪಾದದಡಿಯ ಮರಳನ್ನು ಎಳೆದುಕೊಂಡು ಹೋದಾಗ ಆಕೆ ಚಿಕ್ಕ ಹುಡುಗಿಯ ಹಾಗೆ ಕಿರುಚಿ ಸೊಸೆಯನ್ನು ತಬ್ಬಿಕೊಂಡರು. ಇಬ್ಬರೂ ಸೀರೆ, ಚೂಡಿದಾರ ತೋಯಿಸಿಕೊಂಡು ನಕ್ಕರು. ಇಂಥ ಹುಡುಗಿ ನನ್ನನ್ನು ಬಿಟ್ಟು ಹೋಗುತ್ತಾಳೆ ಎಂದು ನೆನಪಾದ ಕೂಡಲೇ ಆಕೆಯ ನಗು ನಿಂತುಹೋಯಿತು.

ಹೋಟೆಲ್ಲಿನ ಉಪಚಾರ ಮಾರನೆಯ ಬೆಳಗಿನಿಂದ ಶುರುವಾಯಿತು. ಎಂದಿನ ಹಾಗೆ ಬೇಗ ಎದ್ದು ಸರ್ವಮಂಗಳಮ್ಮ ಹಾಸಿಗೆ ಮಡಚಿ, ಚಾದರ ಕೊಡವಿ ಇಟ್ಟರು. ಸ್ವಲ್ಪ ಹೊತ್ತಿಗೆ ಕಡೆಕ್ ಎಂಬ ಹೆಸರಿನ, ಅಲ್ಲಿಯೇ ಕೆಲಸ ಮಾಡುವ ಹುಡುಗಿ ಬಂದು ಕೈಮುಗಿದು ನಕ್ಕು ಅದನ್ನೆಲ್ಲ ಬಿಚ್ಚಿ ಮತ್ತೆ ಹಾಸಿದಳು. ಚಹಾ ಕುಡಿದ ಲೋಟ ತೊಳೆದಿಟ್ಟರೆ ಆ ಲೋಟ ಹೋಗಿ ಬೇರೆ ಎರಡು ಲೋಟ ಬಂದವು. ಊಟದ ಕೋಣೆಯಲ್ಲಿ ತಟ್ಟೆ ಎತ್ತಲು ಹೋದರೆ ಯಾರೋ ಓಡಿ ಬಂದು ಕಸಿದುಕೊಂಡು ‘ಕುಳಿತುಕೊಳ್ಳಿ’ ಎನ್ನುವಂತೆ ಕೈ ತೋರಿಸಿದರು. ವರಾಂಡದ ಮರಳು ಗುಡಿಸೋಣವೆಂದು ಮೂಲೆಯ ಪೊರಕೆ ಹಿಡಿದರೆ ಕಡೆಕ್ ಮುಖ ತುಂಬ ನಗುತ್ತ ಪೊರಕೆಯನ್ನು ಮೆತ್ತಗೆ ಬಿಡಿಸಿಕೊಂಡಳು. ಎಲ್ಲರೂ ಎಷ್ಟು ಒಳ್ಳೆಯವರೆಂದರೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಸ್ಪದವಿರಲಿಲ್ಲ.

ಮೊದಲ ದಿನ ಸರ್ವಮಂಗಳಮ್ಮನಿಗೆ ಇದು ಸ್ವರ್ಗವೆನ್ನಿಸಿತು. ಎರಡನೆಯ ದಿನ ಬೆತ್ತದ ಕುರ್ಚಿಯಲ್ಲಿ ಕೂತು ಎಳನೀರು ಕುಡಿಯುತ್ತ, ಅಲೆ ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟರು. ಮೂರನೆಯ ದಿನ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡುತ್ತ ಕೂತರು. ಯಾರ ಮನೆಗೋ ಬಂದು ಜಾಗ ಹಿಡಿದು ಕೂತ ಹಾಗೆ, ಎದ್ದು ಹೋದರೂ ಯಾರಿಗೂ ಗೊತ್ತಾಗದ ಹಾಗೆ. ಮನೆಯಲ್ಲಿದ್ದಿದ್ದರೆ ಈ ಹೊತ್ತಿಗೆ ಸಹನಾ “ಅಜ್ಜಿ ಹಸಿವು” ಎಂದು ಬರುತ್ತಿದ್ದಳು. ಅಂಥ ಸುಂದರವಾದ ಸಮುದ್ರದ ಮುಂದೆ ಆಕೆಗೆ ಕಣ್ಣಲ್ಲಿ ನೀರು ಬಂತು.

ಹೊರಡುವ ದಿನ ಬೆಳಿಗ್ಗೆ ಕಡೆಕ್ ಮೆಟ್ಟಿಲ ಮೇಲೆ ಕೂತು ಎಳೆಯ ತೆಂಗಿನ ಗರಿಯಿಂದ ಅಂಗೈಯಗಲದ ಬುಟ್ಟಿ ಹೆಣೆಯುತ್ತಿದ್ದಳು. ಅದರಲ್ಲಿ ಹೂವು, ಒಂದು ಚಿಟಿಕೆ ಅನ್ನ ಇಟ್ಟು ಪ್ರತಿ ಬಾಗಿಲ ಮುಂದೆ ದೇವರಿಗೆಂದು ಇಡುವುದು ಅಲ್ಲಿಯ ಪದ್ಧತಿ. ನಮ್ಮಲ್ಲಿ ಎಡೆ ಇಡುವ ಹಾಗೆಯೇ ಎಂದು ಸರ್ವಮಂಗಳಮ್ಮ ಮೊದಲ ದಿನವೇ ಖುಷಿಪಟ್ಟಿದ್ದರು. ಇವತ್ತು ತಡೆಯಲಾರದೆ ಹೋಗಿ ಪಕ್ಕದಲ್ಲಿ ಕೂತು ಕೈ ಚಾಚಿದರು. ಹುಡುಗಿ ಬೇಡ ಬೇಡವೆಂದು ತಲೆಯಾಡಿಸಿದಳು. ಚಾಚಿದ ಕೈ ಹಿಂದೆ ಹೋಗಲಿಲ್ಲ. ಕಡೆಕ್ ಅವರ ಮುಖವನ್ನೊಮ್ಮೆ ನೋಡಿ ಒಂದು ಗರಿಯನ್ನು ಆ ಕೈಯಲ್ಲಿಟ್ಟಳು, ಮಡಚುವುದನ್ನು ತೋರಿಸಿಕೊಟ್ಟಳು. ಬುಟ್ಟಿ ಸೊಟ್ಟಗಾಯಿತು. ಕಡೆಕ್ ಅದನ್ನು ಬಿಚ್ಚಲಿಲ್ಲ, ಸರಿಮಾಡಲಿಲ್ಲ. ಸೊಟ್ಟ ಬುಟ್ಟಿಗೇ ಹೂವಿಟ್ಟು ಇವರ ಬಾಗಿಲ ಮುಂದೆ ಇಟ್ಟು ಕೈಮುಗಿದಳು.

ಚೈತ್ರಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

“ಈಗ ಜೀವ ಬಂದಂಗಾತು ನೋಡವ್ವ,” ಎಂದರು ಸರ್ವಮಂಗಳಮ್ಮ. “ಕುಂದ್ರಿಸಿ ಕುಂದ್ರಿಸಿ ಸಾಕು ಮಾಡಿದ್ರು. ನಾನಿದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ ಅನ್ನಂಗಿತ್ತು.”

ಚೈತ್ರಾ ಬಂದು ಪಕ್ಕದ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಮೆಲ್ಲಗೆ, “ನಂಗೆ ಹನ್ನೊಂದು ವರ್ಷದಿಂದ ಹಂಗೇ ಐತೆ ಅತ್ತೆ,” ಎಂದಳು.

ಚೈತ್ರಾಳಿಗೆ ಈಗ ಮಾತು ನಿಲ್ಲಿಸಲಾಗಲಿಲ್ಲ. “ನೀವು ಬಯ್ದೋರಲ್ಲ, ಬಡಿದೋರಲ್ಲ. ಬೀದಿಯೋರೆಲ್ಲ ನಿನ್ನ ಪುಣ್ಯ ಅಂತಾರೆ. ಆದ್ರೆ ಆ ಮನೇಲಿ ನಾನು ನೆಂಟ್ರಂಗೆ ಇದೀನಿ ಅತ್ತೆ. ನನ್ನ ಮಗಳು ಹಸಿವಾದ್ರೆ ನನ್ನ ಕೇಳಲ್ಲ, ನನ್ನ ದಾಟಿ ನಿಮ್ಮತ್ರ ಬರ್ತಾಳೆ. ದುರ್ಗದಾಗೆ ಮನೆ ನೋಡಿದೀವಿ. ಹೇಳಾಕೆ ಬಾಯೇ ಬರಲಿಲ್ಲ.”

“ಗೊತ್ತು ಕಣವ್ವ. ನಿಮ್ಮ ಮಾವ ಹೇಳಿದ್ರು.”

“ಮಾವಂಗೆ ಯಾರ್ಗೂ ಹೇಳಬ್ಯಾಡ್ರಿ ಅಂದಿದ್ವಿ!”

“ಅದಕ್ಕೇ ಹೇಳಿದ್ರು,” ಎಂದರು ಸರ್ವಮಂಗಳಮ್ಮ. ಇಬ್ಬರಿಗೂ ಅಳುವಿನ ನಡುವೆ ನಗು ಬಂತು. ಆಮೇಲೆ ಆಕೆ ಎಂದೂ ಯಾರ ಮುಂದೂ ಆಡದ ಬಾನಿಯ ಕತೆಯನ್ನು ಸೊಸೆಗೆ ಹೇಳಿದರು. “ನಿಂಗೆ ಹಂಗಾಗಬಾರ್ದು ಅಂತ ಒಲೆ ಹತ್ರಕ್ಕೇ ಬಿಡಲಿಲ್ಲ.”

“ನನ್ನ ಮುದ್ದೇನೂ ಬಾನಿಗೆ ಹಾಕಿದ್ರೆ ಅತ್ತು, ಮಾರನೇ ದಿನ ಸರಿಯಾಗಿ ಕಟ್ತಿದ್ದೆ ಅತ್ತೆ. ನೀವು ಕಟ್ಟಾಕೇ ಬಿಡಲಿಲ್ಲ,” ಎಂದಳು ಚೈತ್ರಾ.

ವಾಪಸಾಗುವ ವಿಮಾನದಲ್ಲಿ ಸರ್ವಮಂಗಳಮ್ಮ ಸೊಸೆಗೆ ಹೋಗಬೇಡ ಎನ್ನಲಿಲ್ಲ. ಯಾವ ಮುಖದಿಂದ ಅನ್ನುವುದು? ಆದರೆ ಅಷ್ಟು ದೂರ ಕರೆತಂದು, ಅಷ್ಟು ನೇರವಾಗಿ ಹೇಳಿದಳಲ್ಲ ಎಂದು ಮನಸ್ಸು ಅವಳಿಗೆ ಕೈಮುಗಿಯುತ್ತಿತ್ತು. ಹೇಳದೇ ಗಂಟುಮೂಟೆ ಕಟ್ಟಿದ್ದರೆ ಸಾಯುವ ತನಕ ಅವಳನ್ನೇ ಕೆಟ್ಟವಳೆಂದುಕೊಂಡು ಕೊರಗುತ್ತಿದ್ದೆನಲ್ಲ ಎಂದುಕೊಂಡರು.

ಮನೆ ತಲುಪಿದ ಸಂಜೆಯೇ ಚೈತ್ರಾಳ ತಾಯಿ ಹೊಳಲ್ಕೆರೆ ಬಸ್ಸು ಹತ್ತಿದರು. ಮಾರನೆಯ ಬೆಳಿಗ್ಗೆ ಸರ್ವಮಂಗಳಮ್ಮ ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಬಂದರು. ಕಾಲು ತಾನಾಗಿಯೇ ಅಡುಗೆಮನೆಯ ಕಡೆ ಹೊರಟಿತು. ಹೊಸ್ತಿಲಲ್ಲಿ ನಿಂತರು. ಒಳಗೆ ಪಾತ್ರೆಗಳು ಅದಲುಬದಲಾಗಿದ್ದವು, ಬೀಗಿತ್ತಿ ಸೌಟನ್ನು ತಲೆಕೆಳಗಾಗಿ ನೇತುಹಾಕಿದ್ದರು. ಕೈ ತುರಿಸಿತು. ಆದರೂ ತಿರುಗಿ ಬಂದು ಪಡಸಾಲೆಯ ಕುರ್ಚಿಯಲ್ಲಿ ಕೂತುಬಿಟ್ಟರು. ಪಾತ್ರೆಯ ಸದ್ದಿಲ್ಲದ ಮನೆ ಕಂಡು ಗಂಗಾಧರಪ್ಪ ಗಾಬರಿಯಾದರು. “ಯಾಕೇ, ಮೈ ಹುಷಾರಿಲ್ವಾ?” ಎಂದು ಹಣೆ ಮುಟ್ಟಿ ನೋಡಿದರು.

ಚೈತ್ರಾ ಕೋಣೆಯಿಂದ ಬಂದು ಅತ್ತೆ ಕೂತಿದ್ದನ್ನು ಕಂಡು ನಿಂತಳು.

“ಹಸಿವಾಗೈತೆ ಕಣವ್ವ,” ಎಂದರು ಸರ್ವಮಂಗಳಮ್ಮ. “ಏನಾರ ಮಾಡಿಕೊಡು.”

ಒಳಗೆ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆದ ಸದ್ದು ಕೇಳಿತು. ರವೆ ಎಲ್ಲಿದೆ, ಸಾಸಿವೆ ಎಲ್ಲಿದೆ ಎಂದು ಚೈತ್ರಾ ಕೇಳಲಿಲ್ಲ. ಹೇಳಬಾರದೆಂದು ಈಕೆ ತುಟಿ ಕಚ್ಚಿ ಕೂತರು. ಒಗ್ಗರಣೆ ಸ್ವಲ್ಪ ಸೀದ ವಾಸನೆ ಬಂದಾಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಸಹನಾ ಅಜ್ಜಿಯ ಮುಂದೆ ಬಂದು “ಹಸಿವು” ಎಂದಳು. “ನಂಗೂ ಹಸಿವು. ನಿಮ್ಮಮ್ಮ ಮಾಡ್ತಾ ಐತೆ, ಅಲ್ಲಿಗೆ ಹೋಗು,” ಎಂದರು. ಮಗು ಒಳಗೋಡಿತು.

ಉಪ್ಪಿಟ್ಟು ಬಂತು. ಉಪ್ಪು ಒಂದು ಕೈ ಮುಂದಿತ್ತು, ನೀರೂ ಹೆಚ್ಚಾಗಿತ್ತು. ಸರ್ವಮಂಗಳಮ್ಮ ಮೊದಲ ತುತ್ತು ಬಾಯಿಗಿಟ್ಟು ತಲೆ ತಗ್ಗಿಸಿದರು. ಧರ್ಮಪುರದಲ್ಲಿ ಹಡೆದವ್ವ ತೀರಿಹೋದ ಮೇಲೆ ಮನೆಯೊಳಗೆ ಹೀಗೆ ಕೂರಿಸಿ, ಬಿಸಿಬಿಸಿಯಾಗಿ, ತನಗೆಂದೇ ಮಾಡಿ ತಂದು ಯಾರೂ ಕೊಟ್ಟಿರಲಿಲ್ಲ. ತಾವಾಗಿ ಯಾರನ್ನೂ ಕೇಳಿಯೂ ಇರಲಿಲ್ಲ.

ಕೊಟ್ರೇಶ ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅಡುಗೆಮನೆ ಬಾಗಿಲಿಗೆ ಬಂದ. ದನಿ ತಗ್ಗಿಸಿದರೂ ಪಡಸಾಲೆಗೆ ಕೇಳುತ್ತಿತ್ತು. “ದುರ್ಗದ ಮನೆಯೋರು ಕಣೆ. ಯಾವತ್ತು ಬರ್ತೀರಿ ಅಂತ ಕೇಳ್ತಾವ್ರೆ. ಏನು ಹೇಳ್ಲಿ?”

ಸರ್ವಮಂಗಳಮ್ಮನ ಕೈ ತಟ್ಟೆಯಲ್ಲೇ ನಿಂತಿತು.

“ಬ್ಯಾರೇರಿಗೆ ಕೊಟ್ಕಳಾಕೆ ಹೇಳ್ರಿ,” ಎಂದಳು ಚೈತ್ರಾ ಬಾಣಲೆ ಕೆರೆಯುತ್ತ. “ನಂಗೆ ಇಲ್ಲಿ ಕೆಲಸ ಐತೆ.”

ಸರ್ವಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ತಟ್ಟೆಯಲ್ಲಿದ್ದುದನ್ನು ಬಳಿದು ತಿಂದರು. ಎದ್ದು ಹೋಗಿ ಬಡಿಸಿಕೊಳ್ಳಲಿಲ್ಲ. ಕೂತಲ್ಲಿಂದಲೇ ಖಾಲಿ ತಟ್ಟೆ ಎತ್ತಿ ಹಿಡಿದು, “ಚೈತ್ರಾ, ಇನ್ನೊಂದು ಸೌಟು ಹಾಕವ್ವ,” ಎಂದರು.